ವಾಲಿದ ಕತ್ತು

ಸಂಜೆ ಹೊತ್ತು. ಒಣಗಿದ ಬಟ್ಟೆಯನ್ನೆಲ್ಲ ಬುಟ್ಟಿಗೆ ತುಂಬಿ, ಎಡ ಹೆಗಲ ಮೇಲಿಟ್ಟುಕೊಂಡು ಮೆಟ್ಟಿಲು ಇಳಿಯುತ್ತಿದ್ದೆ. ದಿನಾ ಇಳಿಯುವ ಮೆಟ್ಟಿಲೇ. ಅರ್ಧ ಇಳಿದಿದ್ದೆ ಅಷ್ಟೆ, ಮುಂದಿನ ಮೆಟ್ಟಿಲಿನ ಅಂಚು ಎರಡಾಯಿತು. ಒಂದರ ಕೆಳಗೊಂದು, ನಡುವೆ ಎರಡು ಬೆರಳಿನಷ್ಟು ಜಾಗ. ಯಾವುದು ನಿಜವಾದ ಮೆಟ್ಟಿಲು ಅಂತ ಗೊತ್ತಾಗಲಿಲ್ಲ. ಗೋಡೆಗೆ ಒರಗಿ ನಿಂತೆ. ಬುಟ್ಟಿ ಕೆಳಗಿಟ್ಟು ಮತ್ತೆ ನೋಡಿದರೆ ಮೆಟ್ಟಿಲು ಒಂದೇ ಇತ್ತು. ಸುಸ್ತಾಗಿರಬೇಕು ಅಂತ ಸುಮ್ಮನಾದೆ.

ಆಮೇಲೂ ಅದು ಬಿಡಲಿಲ್ಲ. ರಾತ್ರಿ ಮಲಗುವ ಮುಂಚೆ ಓದುತ್ತಿದ್ದರೆ ಒಂದು ಸಾಲಿನ ಕೆಳಗೆ ಅದೇ ಸಾಲು ಮೆಲ್ಲಗೆ ಜಾರಿ ಬರುತ್ತಿತ್ತು. ನನಗೆ ಆಗ ನಲವತ್ತಮೂರು. ಚಾಳೀಸು ಬಂದಿದೆ ಅಂತ ಆಗಷ್ಟೇ ದೂರಕ್ಕೂ ಓದುವುದಕ್ಕೂ ಒಂದೇ ಗಾಜಿರುವ ಪ್ರೋಗ್ರೆಸಿವ್ ಕನ್ನಡಕ ಹಾಕಿಸಿಕೊಂಡಿದ್ದೆ. ತಪ್ಪು ಕನ್ನಡಕದ್ದೇ ಅಂದುಕೊಂಡೆ. ಎರಡು ಸಲ ಗಾಜು ಬದಲಾಯಿಸಿದರು, ಏನೂ ವ್ಯತ್ಯಾಸ ಆಗಲಿಲ್ಲ. ಒಂದು ರಾತ್ರಿ ಓದುತ್ತಾ ಬಲಗಣ್ಣು ಉಜ್ಜಿಕೊಂಡೆ. ಆ ಕಣ್ಣು ಮುಚ್ಚಿದ ಕೂಡಲೇ ಕೆಳಗಿನ ಸಾಲು ಮಾಯ. ತೆಗೆದರೆ ಮತ್ತೆ ಬಂತು. ಎಡಗಣ್ಣು ಮುಚ್ಚಿದರೆ ಮೇಲಿನ ಸಾಲು ಹೋಗುತ್ತಿತ್ತು. ಅಂದರೆ ಎರಡು ಕಣ್ಣೂ ಬೇರೆ ಬೇರೆಯಾಗಿ ಸರಿಯಾಗಿಯೇ ನೋಡುತ್ತಿದ್ದವು. ಒಟ್ಟಿಗೆ ನೋಡುವಾಗ ಮಾತ್ರ ಎಲ್ಲೋ ತಪ್ಪುತ್ತಿತ್ತು. ಆ ರಾತ್ರಿ ನಿದ್ದೆ ಬರಲಿಲ್ಲ. ಹೆದರಿಕೆಗೆ ಅಂತ ಪೂರ್ತಿ ಹೇಳಲಾರೆ. ಎರಡು ಕಣ್ಣಿನಿಂದ ಒಂದೇ ಲೋಕ ಕಾಣುವುದು ಹೇಗೆ ಅಂತ ಅಲ್ಲಿಯವರೆಗೆ ನಾನು ಒಮ್ಮೆಯೂ ಯೋಚಿಸಿಯೇ ಇರಲಿಲ್ಲ.

ಕತ್ತಲೆ ಕೋಣೆಯಲ್ಲಿ

ಕಣ್ಣಿನ ಡಾಕ್ಟರು ನನಗಿಂತ ಚಿಕ್ಕವರು. ಮೊದಲ ಪ್ರಶ್ನೆಯೇ ಅದು: "ಒಂದು ಕಣ್ಣು ಮುಚ್ಚಿದ್ರೆ ಎರಡು ಕಾಣೋದು ನಿಲ್ಲುತ್ತಾ?" ನಿಲ್ಲುತ್ತೆ ಮೇಡಂ ಅಂದೆ. "ಯಾವ ಕಣ್ಣು ಮುಚ್ಚಿದ್ರೂ?" ಹೌದು ಅಂದೆ. ತಲೆ ಆಡಿಸಿದರು. ಒಂದು ಕಣ್ಣು ಮುಚ್ಚಿದಾಗಲೂ ತೆರೆದ ಕಣ್ಣಿಗೆ ಎರಡೇ ಕಾಣುತ್ತಿದ್ದರೆ ತೊಂದರೆ ಆ ಕಣ್ಣಿನ ಒಳಗಿರುತ್ತದೆ, ಕಾರ್ನಿಯಾದಲ್ಲೋ ಮಸೂರದಲ್ಲೋ. ಮುಚ್ಚಿದಾಗ ಸರಿಹೋದರೆ ಎರಡು ಕಣ್ಣುಗಳ ಜೋಡಿ ತಪ್ಪಿದೆ ಅಂತ ಅರ್ಥ. ಆಮೇಲೆ ದೀಪ ಆರಿಸಿ, ದೂರದಲ್ಲಿ ಒಂದು ಸಣ್ಣ ಬೆಳಕು ಇಟ್ಟು, ನನ್ನ ಕಣ್ಣಿನ ಮುಂದೆ ಒಂದು ಕಪ್ಪು ಸೌಟಿನಂಥದ್ದನ್ನು ಆಚೀಚೆ ಆಡಿಸಿದರು. ಬಲಗಣ್ಣು ಮುಚ್ಚುವುದು, ಎಡಗಣ್ಣು ಮುಚ್ಚುವುದು, ಮತ್ತೆ ಬಲಗಣ್ಣು. ಮುಚ್ಚಿದ ಕಣ್ಣು ಹೊರಗೆ ಬಂದ ಕೂಡಲೇ ಯಾವ ಕಡೆ ಜರುಗುತ್ತದೆ ಅಂತ ನೋಡುತ್ತಿದ್ದರು. "ಬಲಗಣ್ಣು ಮೇಲಿಂದ ಕೆಳಗೆ ಬರ್ತಿದೆ" ಅಂದರು. ಅಂದರೆ ಮುಚ್ಚಿದಾಗ, ಯಾರೂ ನೋಡದಿದ್ದಾಗ, ನನ್ನ ಬಲಗಣ್ಣು ಸ್ವಲ್ಪ ಮೇಲಕ್ಕೆ ಹೋಗಿ ಕೂತಿರುತ್ತಿತ್ತು.

ಎಡಕ್ಕೆ ನೋಡಿ ಅಂದರು. ಎರಡು ಬೆಳಕು ದೂರ ದೂರವಾದವು. ಬಲಕ್ಕೆ ನೋಡಿದಾಗ ಹತ್ತಿರ ಬಂದವು. ಆಮೇಲೆ ನನ್ನ ತಲೆಯನ್ನು ಎರಡು ಕೈಯಲ್ಲಿ ಹಿಡಿದು, ಬಲ ಹೆಗಲಿನ ಕಡೆಗೆ ವಾಲಿಸಿದರು. ಬೆಳಕು ಎರಡಾಗಿ, ಒಂದು ಕೆಳಗೆ ಬಿದ್ದೇ ಹೋಯಿತು. ಎಡ ಹೆಗಲಿನ ಕಡೆಗೆ ವಾಲಿಸಿದರು. ಎರಡೂ ಜಾರಿ ಬಂದು ಒಂದರೊಳಗೊಂದು ಕೂತವು. ಒಂದೇ ಬೆಳಕು! ಏನೂ ಔಷಧಿ ಇಲ್ಲ, ಕನ್ನಡಕ ಇಲ್ಲ, ಕತ್ತು ಅಷ್ಟು ವಾಲಿಸಿದ್ದಕ್ಕೆ ಲೋಕ ಕೂಡಿಕೊಂಡಿತು. ನನಗೆ ಮೈ ಜುಂ ಅಂದಿತು.

"ಎರಡನೇ ಬೆಳಕು, ಅಥವಾ ಎರಡನೇ ಸಾಲು, ಓರೆಯಾಗಿ ಕಾಣುತ್ತಾ?" ಅಂತ ಕೇಳಿದರು. ಇಲ್ಲ, ನೇರವಾಗೇ ಇರುತ್ತೆ, ಕೆಳಗೆ ಇರುತ್ತೆ ಅಷ್ಟೆ ಅಂದೆ. ಅದನ್ನೂ ಬರೆದುಕೊಂಡರು. ಆಮೇಲೆ ಪೆನ್ನು ಇಟ್ಟು ಕೇಳಿದ ಮಾತು ನಾನು ನಿರೀಕ್ಷಿಸಿಯೇ ಇರಲಿಲ್ಲ. "ನಿಮ್ಮ ಹಳೇ ಫೋಟೋಗಳಿವೆಯಾ? ಚಿಕ್ಕಂದಿನವು? ಮುಂದಿನ ಸಲ ತನ್ನಿ."

ಆರು ಪಟ್ಟಿಗಳು, ಒಂದು ರಾಟೆ

ಮನೆಗೆ ಬಂದು ಓದಲು ಶುರುಮಾಡಿದೆ. ಓದಿದಷ್ಟೂ ಕಣ್ಣಿನ ಬಗ್ಗೆ ನನಗಿದ್ದ ಚಿತ್ರವೇ ಬದಲಾಯಿತು. ಶಾಲೆಯಲ್ಲಿ ಕಣ್ಣು ಅಂದರೆ ಕ್ಯಾಮೆರಾ ಅಂತ ಹೇಳಿಕೊಟ್ಟಿದ್ದರು. ಮುಂದೆ ಮಸೂರ, ಹಿಂದೆ ಪರದೆ, ತಲೆಕೆಳಗಾದ ಬಿಂಬ. ಆ ಕ್ಯಾಮೆರಾವನ್ನು ಹಿಡಿದು ತಿರುಗಿಸುವ ಕೈಗಳ ಬಗ್ಗೆ ಯಾರೂ ಹೇಳಿರಲಿಲ್ಲ. ಕಣ್ಣುಗುಡ್ಡೆ ಸುಮಾರು 24 ಮಿಲಿಮೀಟರ್ ಅಗಲದ ಒಂದು ಗುಂಡು. ಅದು ಕೂತಿರುವ ಎಲುಬಿನ ಗೂಡು ಅದಕ್ಕಿಂತ ತುಂಬಾ ದೊಡ್ಡದು. ಉಳಿದ ಜಾಗದಲ್ಲಿ ಮೆತ್ತನೆಯ ಕೊಬ್ಬು, ರಕ್ತನಾಳ, ನರ, ಮತ್ತೆ ಆರು ಸ್ನಾಯುಗಳು. ನಾಲ್ಕು ನೇರ, ಎರಡು ಓರೆ. ನೇರ ಸ್ನಾಯುಗಳು ಗೂಡಿನ ತುದಿಯಲ್ಲಿ, ತೀರಾ ಹಿಂದೆ, ಒಂದು ಗಟ್ಟಿ ಉಂಗುರದಿಂದ ಹೊರಟು ಕಣ್ಣುಗುಡ್ಡೆಯ ಮೇಲೆ, ಕೆಳಗೆ, ಮೂಗಿನ ಕಡೆ, ಕಿವಿಯ ಕಡೆ ಬಂದು ಅಂಟಿಕೊಳ್ಳುತ್ತವೆ. ಆ ಉಂಗುರಕ್ಕೆ ಜಿನ್ ಅನ್ನುವವರ ಹೆಸರಿದೆ. 1755ರಲ್ಲಿ ಕಣ್ಣಿನ ರಚನೆಯ ಬಗ್ಗೆ ಪುಸ್ತಕ ಬರೆದ ಜರ್ಮನ್ ವೈದ್ಯ. ಸಸ್ಯಗಳನ್ನೂ ತುಂಬಾ ಪ್ರೀತಿಸಿದವರು. ಜಿನಿಯಾ ಹೂವಿಗೆ ಆ ಹೆಸರು ಬಂದಿದ್ದು ಇವರಿಂದಲೇ. ಜಿನಿಯಾ ನೋಡಿದಾಗೆಲ್ಲ ನನಗೀಗ ಕಣ್ಣಿನ ಹಿಂದಿನ ಆ ಉಂಗುರ ನೆನಪಾಗುತ್ತದೆ.

ನಾಲ್ಕು ನೇರ ಸ್ನಾಯುಗಳು ಮಾಡುವುದನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಕಿವಿಯ ಕಡೆಯದು ಎಳೆದರೆ ಕಣ್ಣು ಹೊರಕ್ಕೆ ತಿರುಗುತ್ತದೆ, ಮೂಗಿನ ಕಡೆಯದು ಎಳೆದರೆ ಒಳಕ್ಕೆ. ನನ್ನನ್ನು ಹಿಡಿದಿಟ್ಟಿದ್ದು ಓರೆ ಸ್ನಾಯುಗಳು. ಅದರಲ್ಲೂ ಮೇಲಿನದು, ಸುಪೀರಿಯರ್ ಆಬ್ಲಿಕ್. ನನ್ನ ಬಲಗಣ್ಣಿನಲ್ಲಿ ಸೋತದ್ದು ಇದೇ. ಕಣ್ಣಿನ ಸ್ನಾಯುಗಳಲ್ಲೆಲ್ಲ ಇದೇ ಉದ್ದ. ಇದೂ ಹಿಂದಿನಿಂದಲೇ ಹೊರಡುತ್ತದೆ. ಮೂಗಿನ ಪಕ್ಕದಲ್ಲೇ ಮುಂದೆ ಬಂದು, ಹುಬ್ಬಿನ ಒಳತುದಿಯ ಕೆಳಗೆ ತಲುಪುತ್ತದೆ. ಅಲ್ಲಿ ಮೃದ್ವಸ್ಥಿಯ ಒಂದು ಪುಟ್ಟ ರಾಟೆ ಇದೆ. ನಿಜವಾಗಿಯೂ ರಾಟೆಯೇ. ಸ್ನಾಯುವಿನ ತುದಿ ಹಗ್ಗದ ಹಾಗೆ ಅದರೊಳಗೆ ತೂರಿ, ಚೂಪಾಗಿ ತಿರುಗಿ, ಹಿಂದಕ್ಕೆ ಹೊರಕ್ಕೆ ಹೋಗಿ ಕಣ್ಣುಗುಡ್ಡೆಯ ಬೆನ್ನಿಗೆ ಅಂಟುತ್ತದೆ. ಬಾವಿಯ ಹಗ್ಗವನ್ನು ನಾವು ಕೆಳಕ್ಕೆ ಎಳೆದರೆ ಕೊಡ ಮೇಲಕ್ಕೆ ಬರುವ ಹಾಗೆ, ಈ ಸ್ನಾಯು ಹಿಂದಕ್ಕೆ ಎಳೆದರೆ ಕಣ್ಣಿನ ಬೆನ್ನು ಮುಂದಕ್ಕೂ ಮೇಲಕ್ಕೂ ಎಳೆದುಕೊಳ್ಳುತ್ತದೆ. ಬೆನ್ನು ಮೇಲೆ ಹೋದರೆ ಮುಖ ಕೆಳಗೆ ತಾನೇ? ಹಾಗೆ ಕಣ್ಣು ಕೆಳಕ್ಕೆ ನೋಡುತ್ತದೆ. ಜೊತೆಗೆ ಕಣ್ಣಿನ ನೆತ್ತಿ ಮೂಗಿನ ಕಡೆಗೆ ಸ್ವಲ್ಪ ತಿರುಚಿಕೊಳ್ಳುತ್ತದೆ. ಈ ರಾಟೆಯನ್ನು 16ನೇ ಶತಮಾನದ ಇಟಲಿಯ ಅಂಗರಚನಾ ತಜ್ಞ ಫ್ಯಾಲೋಪಿಯೊ ವಿವರಿಸಿ ಬರೆದರು. ಹೆಣ ಕೊಯ್ದು ನೋಡುತ್ತಾ, ಹುಬ್ಬಿನ ಮೂಲೆಯಲ್ಲಿ ಅಷ್ಟು ಚಿಕ್ಕ ರಾಟೆಯೊಂದು ಕೈಗೆ ಸಿಕ್ಕಿದಾಗ ಹೇಗನ್ನಿಸಿರಬೇಕು!

ಕಣ್ಣು ಮೂಗಿನ ಕಡೆಗೆ ತಿರುಗಿದ್ದಾಗ ಕೆಳಕ್ಕೆ ನೋಡುವುದಕ್ಕೆ ಈ ಸ್ನಾಯುವಿನ ಬಲ ಜಾಸ್ತಿ ಬೇಕು. ಅಂಥ ನೋಟ ಯಾವಾಗ ಬೇಕು? ಓದುವಾಗ, ಸೂಜಿಗೆ ದಾರ ಪೋಣಿಸುವಾಗ, ಮೆಟ್ಟಿಲು ಇಳಿಯುವಾಗ. ಪ್ರೋಗ್ರೆಸಿವ್ ಕನ್ನಡಕದಲ್ಲಿ ಓದಬೇಕೆಂದರೆ ಕಣ್ಣನ್ನು ಕೆಳಗಿಳಿಸಿ, ಗಾಜಿನ ಕೆಳಭಾಗದಿಂದಲೇ ನೋಡಬೇಕು. ತಪ್ಪು ಕನ್ನಡಕದ್ದಲ್ಲ, ಸರಿ. ಆದರೆ ಇಷ್ಟು ವರ್ಷ ನಾನು ಗೊತ್ತಿಲ್ಲದೆ ತಪ್ಪಿಸಿಕೊಂಡು ಓಡಾಡುತ್ತಿದ್ದ ಜಾಗಕ್ಕೇ ಅದು ನನ್ನ ಕಣ್ಣನ್ನು ತಂದು ನಿಲ್ಲಿಸಿತ್ತು.

ಬೆನ್ನಿನಿಂದ ಹೊರಡುವ ನರ

ಆರು ಸ್ನಾಯುಗಳನ್ನು ನಡೆಸಲು ಮಿದುಳಿನಿಂದ ಮೂರು ನರಗಳು ಬರುತ್ತವೆ. ತಲೆಯ ನರಗಳು ಹನ್ನೆರಡು ಜೊತೆ, ಅದರಲ್ಲಿ ಮೂರನೆಯದು, ನಾಲ್ಕನೆಯದು, ಆರನೆಯದು. ಹಂಚಿಕೆ ಸಮವಾಗಿಲ್ಲ. ಮೂರನೆಯದಕ್ಕೆ ಕೈತುಂಬಾ ಕೆಲಸ. ನಾಲ್ಕು ಸ್ನಾಯುಗಳು, ಜೊತೆಗೆ ಮೇಲಿನ ರೆಪ್ಪೆ ಎತ್ತುವ ಸ್ನಾಯು, ಪಾಪೆಯನ್ನು ಕಿರಿದು ಮಾಡುವುದು, ಹತ್ತಿರದ್ದನ್ನು ನೋಡಲು ಮಸೂರವನ್ನು ಉಬ್ಬಿಸುವುದು. ಆರನೆಯದು ಕಿವಿಯ ಕಡೆಗೆ ಎಳೆಯುವ ಒಂದೇ ಸ್ನಾಯುವಿಗೆ. ನಾಲ್ಕನೆಯದು ರಾಟೆಯ ಸ್ನಾಯುವಿಗೆ ಮಾತ್ರ. ಅದರ ಹೆಸರೂ ಟ್ರಾಕ್ಲಿಯರ್, ರಾಟೆಯ ನರ.

ಈ ನಾಲ್ಕನೆಯ ನರದ ಮೇಲೆ ನನಗೆ ವಿಚಿತ್ರ ಅಕ್ಕರೆ ಹುಟ್ಟಿದೆ. ತಲೆಯ ನರಗಳಲ್ಲೆಲ್ಲ ಇದೇ ಸಣ್ಣದು. ಮಿದುಳನ್ನು ಬೆನ್ನುಹುರಿಗೆ ಸೇರಿಸುವ ಮಿದುಳ ಕಾಂಡದಿಂದ ಬರುವ ಉಳಿದ ನರಗಳೆಲ್ಲ ಅದರ ಮುಂದಿನಿಂದಲೋ ಪಕ್ಕದಿಂದಲೋ ಹೊರಟರೆ ಇದೊಂದೇ ಅದರ ಬೆನ್ನಿನಿಂದ ಹೊರಡುತ್ತದೆ. ಹೊರಡುವ ಮುಂಚೆ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಅದಲುಬದಲಾಗುತ್ತವೆ. ಹಾಗಾಗಿ ನನ್ನ ಬಲಗಣ್ಣಿನ ರಾಟೆಯ ಸ್ನಾಯುವಿಗೆ ಅಪ್ಪಣೆ ಬರುವುದು ಮಿದುಳ ಕಾಂಡದ ಎಡಗಡೆಯಿಂದ. ಆಮೇಲೆ ಕಾಂಡವನ್ನು ಪೂರ್ತಿ ಸುತ್ತಿ ಬಳಸಿ ಮುಂದೆ ಬರಬೇಕು. ತಲೆಬುರುಡೆಯ ಒಳಗೆ ಇಷ್ಟು ಉದ್ದದ ದಾರಿ ಸವೆಸುವ ನರ ಇನ್ನೊಂದಿಲ್ಲ. ಅಷ್ಟು ಸಣ್ಣಗೆ, ಅಷ್ಟು ದೂರ ಹೋಗುವುದರಿಂದ ತಲೆಗೆ ಪೆಟ್ಟು ಬಿದ್ದಾಗ ಇದಕ್ಕೆ ನೋವಾಗುವುದು ಜಾಸ್ತಿ. ಕೆಲವರಿಗೆ ಹುಟ್ಟುವಾಗಲೇ ಈ ನರ ಬೆಳೆದಿರುವುದಿಲ್ಲ, ಇಲ್ಲವೇ ರಾಟೆಯಲ್ಲಿ ತೂರುವ ಹಗ್ಗವೇ ಸಡಿಲವಾಗಿರುತ್ತದೆ. ನನ್ನದು ಹುಟ್ಟಿನಿಂದ ಬಂದದ್ದು ಅಂತ ಡಾಕ್ಟರಿಗೆ ಮೊದಲ ದಿನವೇ ಅನುಮಾನ ಬಂದಿತ್ತು. ಎರಡನೇ ಸಾಲು ಓರೆಯಾಗಿ ಕಾಣುವುದಿಲ್ಲ ಅಂದೆನಲ್ಲ, ಅದೇ ಸುಳಿವು. ಹೊಸದಾಗಿ ಈ ಸ್ನಾಯು ಸೋತವರಿಗೆ ಕಣ್ಣಿನ ತಿರುಚು ತಪ್ಪುವುದರಿಂದ ಎರಡನೇ ಚಿತ್ರ ಸಾಮಾನ್ಯವಾಗಿ ವಾಲಿ ಕಾಣುತ್ತದೆ. ಮಗುವಾಗಿದ್ದಾಗಿನಿಂದ ಇದ್ದರೆ ಮಿದುಳು ಆ ಓರೆಯನ್ನು ನೇರ ಮಾಡಿಕೊಂಡುಬಿಟ್ಟಿರುತ್ತದೆ.

ಹದಿನೇಳನೇ ಶತಮಾನದ ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ ಈ ನರವನ್ನು ಭಾವದ ನರ ಅಂತ ಕರೆದಿದ್ದರು. ಕಣ್ಣು ದುಃಖ, ಮರುಕ ತೋರುವಾಗ ತಿರುಗುವ ಬಗೆ ಇದರಿಂದ ಅಂತ ಅವರ ಎಣಿಕೆ. ಇದನ್ನು ಓದಿ ಪುಸ್ತಕ ಮಡಚಿಟ್ಟು ಸುಮ್ಮನೆ ಕೂತುಬಿಟ್ಟೆ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಅದಕ್ಕೆ ಮುಂಚೆ ಒಂದು ಮಾತು, ದಯವಿಟ್ಟು ಗಮನ ಕೊಟ್ಟು ಓದಿ. ನನ್ನದು ಹಳೆಯ ಕಥೆ, ನಿಧಾನದ ಕಥೆ. ಎಲ್ಲರದ್ದೂ ಹಾಗಿರುವುದಿಲ್ಲ. ಇದ್ದಕ್ಕಿದ್ದಂತೆ ಎರಡು ಕಾಣಲು ಶುರುವಾದರೆ ನನ್ನ ಹಾಗೆ ಕನ್ನಡಕ ಬದಲಾಯಿಸುತ್ತಾ ಕೂರಬೇಡಿ. ಜೊತೆಗೆ ಒಂದು ರೆಪ್ಪೆ ಜೋತುಬಿದ್ದು, ಆ ಕಡೆಯ ಪಾಪೆ ದೊಡ್ಡದಾಗಿ, ತಲೆನೋವೂ ಇದ್ದರೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೋಗಬೇಕು. ಮಿದುಳಿನ ಬುಡದಲ್ಲಿ ರಕ್ತನಾಳವೊಂದು ಬಲೂನಿನ ಹಾಗೆ ಉಬ್ಬಿ ಮೂರನೇ ನರವನ್ನು ಒತ್ತುತ್ತಿರಬಹುದು. ಅದು ಒಡೆದರೆ ಜೀವಕ್ಕೇ ಅಪಾಯ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರಲ್ಲಿ ನರಕ್ಕೆ ರಕ್ತ ಸಾಲದೆ ಆರನೇ ನರ ಸೋಲುವುದೂ ಉಂಟು. ಅದು ಎಷ್ಟೋ ಸಲ ಕೆಲವು ತಿಂಗಳಲ್ಲಿ ತಾನಾಗಿ ಸರಿಹೋಗುತ್ತದೆ. ಆದರೆ ಯಾವುದು ಯಾವುದು ಅಂತ ಹೇಳಬೇಕಾದವರು ಡಾಕ್ಟರು.

ನಿಲ್ಲದ ಕಣ್ಣು

ಈ ದಿನಗಳಲ್ಲಿ ನಾನು ಕನ್ನಡಿ ಮುಂದೆ ತುಂಬಾ ಹೊತ್ತು ನಿಲ್ಲುತ್ತಿದ್ದೆ. ನೀವೂ ಒಮ್ಮೆ ನಿಂತು ನೋಡಿ. ಕನ್ನಡಿಯಲ್ಲಿ ನಿಮ್ಮ ಎಡಗಣ್ಣನ್ನು ನೋಡಿ, ಆಮೇಲೆ ಬಲಗಣ್ಣನ್ನು ನೋಡಿ. ನಿಮ್ಮ ಕಣ್ಣು ಸರಿದದ್ದು ಖಂಡಿತ, ಆದರೆ ಸರಿಯುವುದು ನಿಮಗೆ ಕಾಣುವುದೇ ಇಲ್ಲ. ಪಕ್ಕದಲ್ಲಿ ನಿಂತವರಿಗೆ ಚೆನ್ನಾಗಿ ಕಾಣುತ್ತದೆ. ಕಣ್ಣು ಒಂದು ಕಡೆಯಿಂದ ಇನ್ನೊಂದು ಕಡೆಗೆ ಜಿಗಿಯುವ ಆ ಹೊತ್ತಿನಲ್ಲಿ ಮಿದುಳು ನೋಟವನ್ನು ಅದುಮಿಡುತ್ತದೆ. ಇಂಥ ಜಿಗಿತಗಳು ಸೆಕೆಂಡಿಗೆ ಸುಮಾರು ಮೂರು. ದೊಡ್ಡ ಜಿಗಿತದಲ್ಲಿ ಕಣ್ಣಿನ ವೇಗ ಸೆಕೆಂಡಿಗೆ 500 ಡಿಗ್ರಿಯನ್ನೂ ಮೀರುತ್ತದೆ. ಈ ಸಾಲು ಓದುವಾಗಲೂ ನಿಮ್ಮ ಕಣ್ಣು ಹರಿದುಕೊಂಡು ಹೋಗುತ್ತಿಲ್ಲ, ಕುಪ್ಪಳಿಸುತ್ತಿದೆ.

ಇನ್ನೊಂದು. ಫೋನನ್ನು ಮುಂದೆ ಹಿಡಿದು ಜೋರಾಗಿ ಆಚೀಚೆ ಅಲ್ಲಾಡಿಸಿ, ಅಕ್ಷರ ಓದಲಾಗುವುದಿಲ್ಲ. ಫೋನು ಅಲುಗದ ಹಾಗೆ ಹಿಡಿದು, ಅಷ್ಟೇ ಜೋರಾಗಿ ತಲೆ ಅಲ್ಲಾಡಿಸಿ. ಆರಾಮಾಗಿ ಓದಬಹುದು, ಅಲ್ವಾ? ತಲೆ ಎಡಕ್ಕೆ ತಿರುಗಿದ ಕೂಡಲೇ ಒಳಗಿವಿಯ ಅರ್ಧಚಂದ್ರದಂಥ ನಾಳಗಳು ಅದನ್ನು ಹಿಡಿಯುತ್ತವೆ. ಸುದ್ದಿ ಮಿದುಳ ಕಾಂಡಕ್ಕೆ ಹೋಗಿ, ಅಲ್ಲಿಂದ ಕಣ್ಣಿನ ಸ್ನಾಯುಗಳಿಗೆ ಬಂದು, ಕಣ್ಣು ಅಷ್ಟೇ ಬಲಕ್ಕೆ ತಿರುಗುತ್ತದೆ. ಇಷ್ಟಕ್ಕೆಲ್ಲ ಬೇಕಾಗುವುದು ಸೆಕೆಂಡಿನ ನೂರನೇ ಒಂದು ಭಾಗದಷ್ಟು ಹೊತ್ತು. ನಾವು ನಡೆಯುವಾಗ ಲೋಕ ಕುಲುಕದೆ ನಿಂತಿರುವುದು ಇದರಿಂದ. ತೊಡೆಯ ಸ್ನಾಯುವಿನಲ್ಲಿ ಒಂದೊಂದು ನರಕೋಶ ನೂರಾರು ಎಳೆಗಳನ್ನು ಒಟ್ಟಿಗೆ ಎಳೆಸುತ್ತದೆ. ಕಣ್ಣಿನಲ್ಲಿ ಒಂದು ನರಕೋಶದ ಕೈಕೆಳಗೆ ಬೆರಳೆಣಿಕೆಯಷ್ಟೇ ಎಳೆಗಳು. ಅದಕ್ಕೇ ಅಷ್ಟು ನಯ, ಅಷ್ಟು ನಿಖರ.

ತಲೆ ಹೆಗಲಿನ ಕಡೆಗೆ ವಾಲಿದಾಗಲೂ ಹೀಗೇ. ಕಣ್ಣುಗಳು ಚಕ್ರದ ಹಾಗೆ ಕೆಲವು ಡಿಗ್ರಿ ಎದುರು ದಿಕ್ಕಿಗೆ ಉರುಳುತ್ತವೆ. ನನ್ನ ಕತ್ತಿನ ಕಥೆಗೆ ಉತ್ತರ ಇಲ್ಲಿದೆ. ತಲೆ ಬಲಕ್ಕೆ ವಾಲಿದರೆ ಬಲಗಣ್ಣಿನ ನೆತ್ತಿ ಮೂಗಿನ ಕಡೆ ತಿರುಚಿಕೊಳ್ಳಬೇಕು. ಆ ಕೆಲಸ ಇಬ್ಬರದು, ರಾಟೆಯ ಸ್ನಾಯು ಮತ್ತೆ ಮೇಲಿನ ನೇರ ಸ್ನಾಯು. ಒಬ್ಬ ಕಣ್ಣನ್ನು ಕೆಳಕ್ಕೆ ಎಳೆಯುವವ, ಇನ್ನೊಬ್ಬ ಮೇಲಕ್ಕೆ. ಇಬ್ಬರೂ ಸಮವಾಗಿದ್ದರೆ ಮೇಲೆ ಕೆಳಗೆ ಎರಡೂ ವಜಾ ಆಗಿ ತಿರುಚು ಮಾತ್ರ ಉಳಿಯುತ್ತದೆ. ನನ್ನಲ್ಲಿ ರಾಟೆಯವನಿಗೆ ಬಲವಿಲ್ಲ. ಮೇಲಿನವನು ಒಬ್ಬನೇ ಎಳೆದಾಗ ಕಣ್ಣು ತಿರುಚುವುದರ ಜೊತೆ ಮೇಲಕ್ಕೂ ಹೋಗುತ್ತದೆ. ಎಡಕ್ಕೆ ವಾಲಿದರೆ ಬಲಗಣ್ಣಿಗೆ ಈ ಕೆಲಸವೇ ಇಲ್ಲ. ಕತ್ತು ವಾಲಿಸಿ ನೋಡುವ ಈ ಪರೀಕ್ಷೆಗೆ ಬೀಲ್‌ಶೋವ್ಸ್ಕಿ ಅನ್ನುವ ಜರ್ಮನ್ ಕಣ್ಣಿನ ವೈದ್ಯರ ಹೆಸರಿದೆ. ನನಗೆ ಬಟ್ಟೆಯ ಬುಟ್ಟಿ ನೆನಪಾಯಿತು. ಅವತ್ತು ಅದು ಎಡ ಹೆಗಲ ಮೇಲಿತ್ತು. ಕತ್ತು ಎಡಕ್ಕೆ ಹೋಗಲು ಜಾಗವೇ ಇರಲಿಲ್ಲ.

ಆಲ್ಬಂ

ಅಮ್ಮನ ಬಳಿ ಫೋಟೋ ಕೇಳಿದೆ. ಯಾಕೆ ಅಂತ ಹೇಳದೆ ಹಳೆಯ ಆಲ್ಬಂ ತೆಗೆಸಿದೆ. ಅಮ್ಮ ಹಾಸಿಗೆ ಮೇಲೆ ಹರಡಿ ಒಂದೊಂದಾಗಿ ಕೊಡುತ್ತಾ ಹೋದಳು. ಕೂರಲು ಕಲಿತ ಮಗುವಾಗಿ, ದಿಂಬಿಗೆ ಒರಗಿಸಿದ್ದಾರೆ, ಕತ್ತು ಎಡಕ್ಕೆ. ತ್ರಿಚಕ್ರ ಸೈಕಲ್ ಮೇಲೆ, ಕತ್ತು ಎಡಕ್ಕೆ. ಅಪ್ಪನ ತೊಡೆ ಮೇಲೆ, ಎಡಕ್ಕೆ. ಮದುವೆಯೊಂದರಲ್ಲಿ ಚಿಕ್ಕಮ್ಮನ ಪಕ್ಕ, ಎಡಕ್ಕೆ. ಪ್ರೈಜು ತೆಗೆದುಕೊಳ್ಳುವಾಗ, ಎಡಕ್ಕೆ. ಇಪ್ಪತ್ತು ಫೋಟೋ ಆಗುವಷ್ಟರಲ್ಲಿ ನನ್ನ ಕೈ ನಡುಗುತ್ತಿತ್ತು. ಈ ಫೋಟೋಗಳನ್ನು ನಾನು ಎಷ್ಟು ಸಲ ನೋಡಿದ್ದೆ! ಒಮ್ಮೆಯೂ ಇದು ಕಂಡಿರಲಿಲ್ಲ.

ಕಂಡಿರಲಿಲ್ಲ ಅನ್ನುವುದೂ ಪೂರ್ತಿ ನಿಜವಲ್ಲ. ಎಲ್ಲರಿಗೂ ಕಂಡಿತ್ತು. ಕಂಡದ್ದಕ್ಕೆ ಬೇರೆ ಹೆಸರು ಕೊಟ್ಟಿದ್ದರು. ಮನೆಗೆ ಬಂದವರು "ಎಷ್ಟು ವಿನಯ ಈ ಹುಡುಗಿಗೆ, ಮಾತಾಡ್ಸಿದ್ರೆ ಕತ್ತು ಬಗ್ಗಿಸಿಕೊಂಡು ಕೇಳ್ತಾಳೆ" ಅನ್ನುತ್ತಿದ್ದರು. ಟೀಚರು ಒಬ್ಬರು ಯಾವಾಗಲೂ ಏನೋ ಯೋಚನೆಯಲ್ಲಿರ್ತಾಳೆ ಅಂತ ರಿಪೋರ್ಟಿನಲ್ಲಿ ಬರೆದಿದ್ದರು. ಗೆಳತಿಯರಿಗೆ ಅದು ಮರುಕ. "ನೀನು ಹಾಗೆ ಕತ್ತು ವಾಲಿಸಿ ಕೇಳಿದ್ರೆ ಎಲ್ಲ ಹೇಳ್ಕೋಬೇಕು ಅನ್ಸುತ್ತೆ ಕಣೇ" ಅಂತ ಒಬ್ಬಳು ಹೇಳಿದ್ದಳು. ನಾನೂ ನಂಬಿದ್ದೆ. ಇನ್ನೊಬ್ಬರ ಮಾತು ಕೇಳುವವಳು ಅಂತ ನನ್ನ ಬಗ್ಗೆ ನನಗೇ ಒಂದು ಚಿತ್ರವಿತ್ತು, ಅದಕ್ಕೆ ತಕ್ಕ ಹಾಗೆ ಬೆಳೆದೆ ಅಂತಲೂ ಅನ್ನಿಸುತ್ತದೆ. ವಿಲ್ಲಿಸ್ ಅವರ ಭಾವದ ನರ ಅಂತ ಓದಿದಾಗ ಸುಮ್ಮನೆ ಕೂತುಬಿಟ್ಟಿದ್ದು ಇದಕ್ಕೇ. ನನ್ನಲ್ಲಿ ಸೋತದ್ದು ಆ ನರ. ಅದು ಸೋತದ್ದರಿಂದ ಬಂದ ಭಂಗಿಯನ್ನು ಜನ ಭಾವ ಅಂತ ಓದಿಕೊಂಡರು.

ಹಾಗಾದರೆ ಆ ವಿನಯ ಸುಳ್ಳೇ? ತುಂಬಾ ದಿನ ಇದು ಕೊರೆಯಿತು. ಸುಳ್ಳಲ್ಲ ಅಂತ ಈಗ ಅನ್ನಿಸುತ್ತದೆ. ಎದುರಿಗಿರುವ ಮುಖ ಒಂದೇ ಆಗಿ, ಸ್ಪಷ್ಟವಾಗಿ ಕಾಣಲಿ ಅಂತಲೇ ತಾನೇ ಆ ಮಗುವಿನ ಮಿದುಳು ಕತ್ತನ್ನು ವಾಲಿಸಿದ್ದು? ಯಾರೂ ಹೇಳಿಕೊಡದೆ, ಮಾತು ಬರುವ ಮುಂಚೆಯೇ, ಎಷ್ಟು ವಾಲಿದರೆ ಅಮ್ಮನ ಮುಖ ಒಂದಾಗುತ್ತದೆ ಅಂತ ಅದು ಕಂಡುಕೊಂಡಿತ್ತು.

ಅಮ್ಮನಿಗೆ ವಿಷಯ ಹೇಳಿದೆ. ಅವಳು ಫೋಟೋ ಕೆಳಗಿಟ್ಟಳು. ಕತ್ತು ನೆಟ್ಟಗಿಟ್ಟುಕೊಳ್ಳೇ ಅಂತ ನನಗೆ ದಿನಕ್ಕೆ ಹತ್ತು ಸಲ ಹೇಳುತ್ತಿದ್ದವಳು ಅವಳು. ಊಟಕ್ಕೆ ಕೂತಾಗ ಗಲ್ಲ ಹಿಡಿದು ನೇರ ಮಾಡುತ್ತಿದ್ದಳು. "ನಾನು ಸುಮ್ನೆ ಬೈತಿದ್ನಲ್ಲೇ" ಅಂದಳು. ನಿಂಗೇನು ಗೊತ್ತಿತ್ತು ಅಮ್ಮಾ ಅಂದೆ. ಅವಳಿಗೆ ಸಮಾಧಾನ ಆಗಲಿಲ್ಲ.

ಒಂದೇ ಒಂದು ನೆಟ್ಟಗಿನ ಫೋಟೋ

ಆಲ್ಬಂನಲ್ಲಿ ಕತ್ತು ನೆಟ್ಟಗಿದ್ದ ಫೋಟೋ ಒಂದೇ ಒಂದು ಸಿಕ್ಕಿತು. ಒಂದನೇ ಕ್ಲಾಸಿನದು, ಶಾಲೆಯ ಕಾರ್ಡಿಗೆ ತೆಗೆಸಿದ್ದು. ಅದನ್ನೂ ಉಳಿದವನ್ನೂ ಡಾಕ್ಟರ ಮೇಜಿನ ಮೇಲಿಟ್ಟೆ. ವಾಲಿದ ಫೋಟೋಗಳನ್ನು ನೋಡಿ ಅವರ ಮುಖ ಅರಳಿತು. ಸ್ಕ್ಯಾನಿಗಿಂತ ಇದು ಒಳ್ಳೇ ಸಾಕ್ಷಿ ಅಂದರು. ಹೊಸದಾಗಿ ಬಂದದ್ದಾದರೆ ಕಾರಣ ಹುಡುಕುತ್ತಾ ಹೋಗಬೇಕು. ಮಗುವಾಗಿದ್ದಾಗಲೇ ಕತ್ತು ವಾಲಿದ್ದರೆ ಹೆದರುವುದು ಏನೂ ಇಲ್ಲ. ನನ್ನ ಮುಖದ ಎದುರು ಒಂದು ಸ್ಕೇಲು ಹಿಡಿದು ಇನ್ನೊಂದನ್ನೂ ತೋರಿಸಿದರು. ಎರಡು ಕಣ್ಣಿನ ಮೇಲೆ ಹಾದುಹೋಗುವ ಗೆರೆ, ತುಟಿಯ ಮೇಲೆ ಹಾದುಹೋಗುವ ಗೆರೆ. ಎರಡೂ ಸಮನಾಂತರವಾಗಿಲ್ಲ, ಎಡಗಡೆ ಹತ್ತಿರವಾಗುತ್ತವೆ. ಚಿಕ್ಕಂದಿನಿಂದ ವಾಲಿಕೊಂಡೇ ಬೆಳೆದವರಲ್ಲಿ ವಾಲಿದ ಕಡೆಯ ಮುಖ ಸ್ವಲ್ಪ ಚಿಕ್ಕದಾಗಿ ಬೆಳೆಯುತ್ತದಂತೆ. ನಲವತ್ತಮೂರು ವರ್ಷ ಕನ್ನಡಿಯಲ್ಲಿ ನೋಡಿದ ಮುಖ!

ಆಮೇಲೆ ಆ ನೆಟ್ಟಗಿನ ಫೋಟೋ ಎತ್ತಿಕೊಂಡು ಭೂತಗನ್ನಡಿ ಇಟ್ಟರು. "ಬನ್ನಿ ನೋಡಿ" ಅಂದರು. ಆರು ವರ್ಷದ ನಾನು. ಎರಡು ಜಡೆ. ತುಟಿ ಬಿಗಿಹಿಡಿದಿದ್ದೇನೆ. ಎಡಗಣ್ಣು ನೇರ ಕ್ಯಾಮೆರಾವನ್ನೇ ನೋಡುತ್ತಿದೆ. ಬಲಗಣ್ಣಿನ ಕಪ್ಪು ಮಾತ್ರ ಒಂದಿಷ್ಟು ಮೇಲೆ ಹೋಗಿ ರೆಪ್ಪೆಯೊಳಗೆ ಸಿಕ್ಕಿಕೊಂಡಿದೆ. ಅದರ ಕೆಳಗೆ, ಉಗುರಿನ ತುದಿಯಷ್ಟು, ಬಿಳಿ.

ಇಷ್ಟು ವರ್ಷ ಸುಮ್ಮನಿದ್ದದ್ದು ಈಗ್ಯಾಕೆ ಅಂತ ಕೇಳಿದೆ. ಕತ್ತು ಅರ್ಧ ಕೆಲಸ ಮಾಡಿದರೆ ಇನ್ನರ್ಧ ಮಿದುಳು ಮಾಡುತ್ತಿತ್ತು ಅಂದರು. ಮೇಲೆ ಕೆಳಗಾದ ಎರಡು ಚಿತ್ರಗಳನ್ನು ಎಳೆದು ಕೂಡಿಸುವ ಶಕ್ತಿ ಸಾಮಾನ್ಯವಾಗಿ ಎಲ್ಲರಿಗೂ ತೀರಾ ಕಡಿಮೆ. ಹುಟ್ಟಿನಿಂದ ಹೀಗಿರುವವರಲ್ಲಿ ಅದು ಹಲವು ಪಟ್ಟು ಬೆಳೆದಿರುತ್ತದೆ. ವಯಸ್ಸಾಗುತ್ತಾ, ದಣಿವಾದಾಗ, ಆ ಹಿಡಿತ ಸಡಿಲವಾಗುತ್ತದೆ. ಅದಕ್ಕೇ ಸಂಜೆ, ಅದಕ್ಕೇ ರಾತ್ರಿ. ದಾರಿಗಳು ಎರಡಿದ್ದವು. ಬಲಗಣ್ಣಿನ ಕೆಳಗಿನ ಓರೆ ಸ್ನಾಯುವನ್ನು ಸಡಿಲಿಸುವ ಆಪರೇಷನ್, ಇಲ್ಲವೇ ಕನ್ನಡಕದಲ್ಲಿ ಪ್ರಿಸಂ. ಸದ್ಯಕ್ಕೆ ಪ್ರಿಸಂ ಅಂತ ತೀರ್ಮಾನವಾಯಿತು. ಬೆಳಕನ್ನೇ ಬಗ್ಗಿಸಿ ಎರಡು ಚಿತ್ರಗಳನ್ನು ಹತ್ತಿರ ತರುವ ಗಾಜು. ಒಂದು ಡಯಾಪ್ಟರ್ ಪ್ರಿಸಂ ಅಂದರೆ ಒಂದು ಮೀಟರ್ ದೂರದಲ್ಲಿ ಒಂದು ಸೆಂಟಿಮೀಟರ್ ಸರಿಸುವಷ್ಟು. ನನಗೆ ಕೊಟ್ಟದ್ದು ಒಟ್ಟು ನಾಲ್ಕು. ಎರಡು ಬಲಗಣ್ಣಿಗೆ ಬುಡ, ಅಂದರೆ ಗಾಜಿನ ದಪ್ಪ ಅಂಚು, ಕೆಳಗಾಗಿ, ಎರಡು ಎಡಗಣ್ಣಿಗೆ ಬುಡ ಮೇಲಾಗಿ. ಕಣ್ಣಿನ ತಪ್ಪು ಅದಕ್ಕಿಂತ ಜಾಸ್ತಿಯೇ ಇದೆ. ಉಳಿದದ್ದನ್ನು ನಿಮ್ಮ ಮಿದುಳು ನೋಡಿಕೊಳ್ಳುತ್ತೆ, ಅದಕ್ಕೆ ಅಭ್ಯಾಸ ಇದೆ ಅಂದರು. ಓದಲು ಬೇರೆ ಕನ್ನಡಕ ಮಾಡಿಸಿದೆ. ಬುಟ್ಟಿಯನ್ನು ಈಗ ಬಲಗಡೆ ಹಿಡಿಯುತ್ತೇನೆ.

ಕನ್ನಡಕ ಬಂದ ವಾರ ಅಮ್ಮ ಮತ್ತೆ ಆ ಒಂದನೇ ಕ್ಲಾಸಿನ ಫೋಟೋ ಕೇಳಿದಳು. ತುಂಬಾ ಹೊತ್ತು ನೋಡಿದಳು. "ಈ ಫೋಟೋ ದಿನ ನೀನು ಅತ್ಕೊಂಡು ಬಂದಿದ್ದೆ" ಅಂದಳು. ಫೋಟೋ ತೆಗೆಯುವವರು ಕತ್ತು ಹಿಡಿದು ನೇರ ಮಾಡಿದರಂತೆ, ನಾನು ಮತ್ತೆ ವಾಲಿಸಿದರೆ ಮತ್ತೆ ನೇರ ಮಾಡಿದರಂತೆ. "ಫೋಟೋ ಮಾಮ ಇಬ್ಬರಿದ್ರು, ಯಾರನ್ನ ನೋಡ್ಬೇಕು ಗೊತ್ತಾಗ್ಲಿಲ್ಲ ಅಂತಿದ್ದೆ ಕಣೇ. ನಾವೆಲ್ಲ ನಕ್ಕುಬಿಟ್ವಿ." ನನಗೆ ಅದೊಂದೂ ನೆನಪಿಲ್ಲ.

ಹೇಗೆ ಕಾಣುತ್ತಿತ್ತು ನಿನಗೆ, ನನಗೂ ತೋರಿಸು ಅಂತ ಹಟ ಹಿಡಿದಳು. ಒಂದು ಕಣ್ಣಿನ ಕೆಳಗೆ, ರೆಪ್ಪೆಯ ಮೇಲಿಂದಲೇ, ಬೆರಳ ತುದಿಯಿಂದ ತೀರಾ ಮೆತ್ತಗೆ ಒತ್ತು ಅಂದೆ. ಕಣ್ಣು ತಾನಾಗಿ ತಿರುಗಿದರೆ ಮಿದುಳಿಗೆ ಮೊದಲೇ ಗೊತ್ತಿರುತ್ತದೆ, ಲೋಕ ಅಲುಗುವುದಿಲ್ಲ. ಬೆರಳಿನಿಂದ ಸರಿಸಿದರೆ ಅದಕ್ಕೆ ಸುಳಿವಿರುವುದಿಲ್ಲ. ಅಮ್ಮ ಒತ್ತಿದಳು. "ಅಯ್ಯೋ, ಎರಡಾಯ್ತು" ಅಂದಳು. ಫೋಟೋವನ್ನು ಇನ್ನೊಂದು ಕೈಯಲ್ಲಿ ಹತ್ತಿರ ಹಿಡಿದು, ಬೆರಳು ತೆಗೆಯದೆ, ಹಾಗೇ ನೋಡುತ್ತಾ ಕೂತಳು.